ಲೆಕ್ಕದಲ್ಲಿ ಬಿಟ್ಟ ಮೂಲೆ

ಬೀರದೇವ ಇಂಟರ್ ಪರೀಕ್ಷೆಯ ಗಣಿತದಲ್ಲಿ ಎರಡು ಸಲ ನಪಾಸಾಗಿದ್ದ. ಈ ಸಲ ಪಾಸಾದರೆ ಬಿಜಾಪುರದಲ್ಲಿ ಮಾಸ್ತರಿಕೆ, ಇಲ್ಲವಾದರೆ ತನ್ನೂರು ಉಟಗಿಯಲ್ಲಿ ಅಪ್ಪನ ಕುರಿ. ತಂಗಿ ಅಕ್ಕವ್ವನ ಗತಿಯೂ ಅದಕ್ಕೇ ಗಂಟುಬಿದ್ದಿತ್ತು. ತಾಯಿ ಸತ್ತ ವರ್ಷ, ಮರಿಗಳನ್ನು ನೋಡಿಕೊಳ್ಳಲೆಂದು ಅವಳನ್ನು ಶಾಲೆ ಬಿಡಿಸಿದ್ದರು. ಅಣ್ಣನಿಗೆ ನೌಕರಿಯಾದ ಮೇಲೆ ಅವನ ಜೊತೆ ಹೋಗಿ ಓದುವಿಯಂತೆ ಎಂದು ಅಪ್ಪ ಗೊಲ್ಲಾಳಪ್ಪ ಮಾತು ಕೊಟ್ಟಿದ್ದ.

ಬೀರದೇವನನ್ನು ಕೆಡವುತ್ತಿದ್ದುದು ಒಂದೇ ನಿಯಮ. ಬೆಳೆಯುತ್ತಿರುವ ಎರಡು ಸಂಖ್ಯೆಗಳ ಗುಣಲಬ್ಧ ಎಷ್ಟು ವೇಗದಲ್ಲಿ ಬೆಳೆಯುತ್ತದೆ? ಇವನು ಎರಡರ ವೇಗಗಳನ್ನೇ ಗುಣಿಸಿ ಕೈತೊಳೆದುಕೊಳ್ಳುತ್ತಿದ್ದ. ಅದು ಯಾಕೆ ತಪ್ಪು ಎಂಬುದು ಈ ಮಹಾಶಯನ ತಲೆಗೆ ಹೋಗುತ್ತಲೇ ಇರಲಿಲ್ಲ.

ಆ ಬೇಸಿಗೆಯಲ್ಲಿ ಮರಿಗಳು ಹೆಚ್ಚಾಗಿ, ಅಣ್ಣ ತಂಗಿ ಸೇರಿ ಕುರಿದೊಡ್ಡಿಯ ಮುಳ್ಳುಬೇಲಿಯನ್ನು ಹೊರಗೆ ಸರಿಸಬೇಕಾಯಿತು. ಮೊದಲು ಉದ್ದಕ್ಕೆ ಸರಿಸಿದಾಗ ಒಂದು ಪಟ್ಟಿ ನೆಲ ಸಿಕ್ಕಿತು. ಆಮೇಲೆ ಅಗಲಕ್ಕೆ ಸರಿಸಿದಾಗ ಇನ್ನೊಂದು ಪಟ್ಟಿ. ಬೀರದೇವ ಬೇಲಿ ಹಿಡಿದುಕೊಂಡೇ ನಿಂತುಬಿಟ್ಟ. ದೊಡ್ಡಿಯ ನೆಲವೆಂದರೆ ಉದ್ದ ಅಗಲಗಳ ಗುಣಲಬ್ಧವೇ ಅಲ್ಲವೇ!

“ಉದ್ದ ಬೆಳಿಯುವಾಗ ಅಗಲ ಹಂಗ ನಿಂದರತೈತಿ. ಆಮ್ಯಾಲ ಅಗಲದ ಪಾಳಿ. ಎರಡೂ ಪಟ್ಟಿ ಕೂಡಸಬೇಕು, ಇಷ್ಟ ನೋಡು.”

“ಮತ್ತ ಎರಡೂ ಪಟ್ಟಿ ಕೂಡೂ ಈ ಮೂಲಿ?” ಎಂದಳು ಅಕ್ಕವ್ವ. ಮರಿ ಕಟ್ಟಲೆಂದು ಅವಳು ಆರಿಸಿಕೊಂಡಿದ್ದು ಆ ಮೂಲೆಯನ್ನೇ.

“ಬೇಲಿ ಕಡಿಮಿ ಕಡಿಮಿ ಸರಿಸಿದಂಗ ಅದು ಪಟ್ಟಿಗಿಂತ ಭಾಳ ಸಣ್ಣದಾಗತೈತಿ. ಅದಕ್ಕ ಲೆಕ್ಕದಾಗ ಬಿಡತಾರ.”

ಆ ಸಲ ಪಾಸಾದ. ನೌಕರಿಯೂ ಸಿಕ್ಕಿತು. ಹೊರಡುವ ದಿನ ಎಸ್‌ಟಿ ಬಸ್ಸು ನಿಲ್ಲುವಲ್ಲಿಗೆ ಅಕ್ಕವ್ವ ತನ್ನ ಬಟ್ಟೆಗಂಟು ಹಿಡಿದೇ ಬಂದಳು. ಗೊಲ್ಲಾಳಪ್ಪ ಅವಳ ಮುಖ ನೋಡದೆ ಹೇಳಿದ: “ಇಕಿ ಹೋದರ ಮರಿ ಯಾರು ನೋಡಬೇಕು? ನೀ ನೌಕರಿಗೆ, ನಾ ಕುರಿಗೆ. ಅಕ್ಕವ್ವ ಇಲ್ಲೇ ಇರಲಿ.”

ಬೀರದೇವ ಟ್ರಂಕು ಎತ್ತಿಕೊಂಡ. ಅಷ್ಟು ದೊಡ್ಡ ನಿಯಮ ಸಾಧಿಸಿದ ಮಹಾಶಯ ಬಸ್ಸು ಬರುವ ದಾರಿ ನೋಡತೊಡಗಿದ.

“ಅಣ್ಣಾ, ನನ್ನೂ ಸಣ್ಣಾಕಿ ಅಂತ ಲೆಕ್ಕದಾಗ ಬಿಟ್ಟಿಯೇನು?” ಎಂದಳು ಅಕ್ಕವ್ವ.

ಬಸ್ಸು ಬಂದು ನಿಂತಿತು. ಬೀರದೇವ ಟ್ರಂಕನ್ನು ಕೆಳಗಿಟ್ಟು ಅದರ ಮೇಲೆ ಕುಳಿತ.

“ಇಕಿ ಬರದಿದ್ದರ ನಾನೂ ಹೋಗೂದಿಲ್ಲಪ್ಪಾ.”

ಬಸ್ಸು ಹೋಯಿತು. ಧೂಳು ಇಳಿಯಿತು. ಗೊಲ್ಲಾಳಪ್ಪ ಮಗಳ ಕೈಯಿಂದ ಗಂಟು ಇಸಿದುಕೊಂಡು ಹೆಗಲಿಗೇರಿಸಿ ಊರ ಕಡೆ ತಿರುಗಿದ.

“ನಾಳಿ ಇಬ್ಬರೂ ಹೋಗೀರಂತ. ತಾಯಿ ಮೊಲಿ ಕೊಡದ ಮರಿಗೆ ಹೆಂಗ ಹಾಲು ಕುಡಸ್ತಿ, ಇವತ್ತ ನನಗ ಕಲಸವ್ವಾ.”