ಹಿತ್ತಾಳೆ ಇಳಿಯದ ಕಾಲು

ಉಂಗುರ ತನ್ನ ಜಾಗದಲ್ಲಿ ಕೂತೊಡನೆ ಸುತ್ತಿಗೆಯ ದನಿ ಬದಲಾಗುತ್ತದೆ, ಪೊಳ್ಳು ದನಿ ಹೋಗಿ ಗಟ್ಟಿ ದನಿ ಬರುತ್ತದೆ, ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ, ಇದು ಸೈಕಲ್ಲು ಕಟ್ಟುತ್ತಿದ್ದ ಅಲ್ವೀಸೆ, ನನ್ನ ಹೆಂಡತಿಯ ಅಣ್ಣ, ಹೇಳಿಕೊಟ್ಟದ್ದು, ಅವನ ಮಾತುಗಳಲ್ಲಿ ನಾನು ಪರೀಕ್ಷಿಸದೆ ನಂಬಿದ್ದು ಇದೊಂದೇ ಇರಬಹುದು — ಇನ್ನೂ ಪೊಳ್ಳು, ಇನ್ನೊಂದು ಪೆಟ್ಟು — ಬಣ್ಣ ಚೆನ್ನಾಗಿ ಬಂದಿದೆ, ಆಲಿವ್ ಎಲೆಯ ಬೆನ್ನಿನ ಹಸಿರು, ನನ್ನ ಹೆಂಡತಿ ನಿವೆಸ್ ಓಡಿಸುತ್ತಿದ್ದಾಗಲೂ ಇದೇ ಹಸಿರಿತ್ತು, ಮರಳು ಹೊಡೆಸಿ ಹಳೆಯ ಬಣ್ಣವನ್ನೆಲ್ಲ ತೆಗೆಯುವ ಮೊದಲು ಬಣ್ಣದವನು ಒಂದು ಚಕ್ಕೆಯನ್ನು ಎತ್ತಿಟ್ಟುಕೊಂಡು ಅದಕ್ಕೆ ಸರಿಯಾಗಿ ಬೆರೆಸಿದ್ದಾನೆ, ಫ್ರೇಮು ಗೋಡೆಯ ಕೊಕ್ಕೆಯಲ್ಲಿದೆ, ಪೆಡಲಿನ ಬೇರಿಂಗು ಬೆಳಿಗ್ಗೆಯೇ ಕೂತಿತು, ಉಳಿದದ್ದು ಮುಂದಿನ ಚಕ್ರ ಹಿಡಿಯುವ ಫೋರ್ಕು, ಅದರ ಕಾಲುಗಳು ಕೂಡುವ ಹೆಗಲನ್ನು ಎರಡು ಮರದ ತುಂಡುಗಳ ಮೇಲೆ ಕೂರಿಸಿದ್ದೇನೆ, ಕಾಲುಗಳೆರಡೂ ನಡುವಿನ ಸಂದಿಯಲ್ಲಿ ಕೆಳಕ್ಕೆ ಜೋತಿವೆ, ಬೇರಿಂಗಿನ ಉಂಗುರದ ಮೇಲೆ ಪೈಪು ಇಟ್ಟು ಹೊಡೆಯುತ್ತಿದ್ದೇನೆ, ಇದಾದ ಮೇಲೆ ಹ್ಯಾಂಡಲ್ಲು, ಬ್ರೇಕು, ತಂತಿ, ಸಂಜೆಯೊಳಗೆ ಸೈಕಲ್ಲು ಸೈಕಲ್ಲಾಗುತ್ತದೆ, ನಾಳೆ ಮೊಮ್ಮಗಳು ಮಾರ್ತಾ ಇದನ್ನೇರಿ ಹಳೆಯ ಉಕ್ಕಿನ ಸೈಕಲ್ಲಿನವರ ಜೊತೆ ಗ್ರಾಪ್ಪಾ ಬೆಟ್ಟ ಹತ್ತಿ ಇಳಿಯುತ್ತಾಳೆ, ಅಜ್ಜಿಯ ಸೈಕಲ್ಲು, ಅಜ್ಜಿಯ ದಾರಿ — ಅಂಗಳದಲ್ಲಿ ಅಲ್ವೀಸೆ ವೈನಿನ ಲೋಟ ಹಿಡಿದು ಅವಳೆದುರು ಕೊಚ್ಚಿಕೊಳ್ಳುತ್ತಿದ್ದಾನೆ, ಕಣ್ಣು ಹೋಗಿಯೇ ಬಿಟ್ಟಿದೆ, ನಾಲಿಗೆಗೆ ಇನ್ನೂ ಮುಪ್ಪು ಬಂದಿಲ್ಲ, ಕೇಳು ಮಗಾ, ನನ್ನ ತಂಗಿ ಮದುವೇಲಿ ನಾನು ಕೊಟ್ಟಿದ್ದು ಇದು, ಹೆಣ್ಣಿಗೆ ರೇಸು ಸೈಕಲ್ಲಾ, ಹಾಸಿಗೆ ದಿಂಬು ಕೊಡೋ ಅಂದ್ರು ಊರವರು, ನಾನು ಇದನ್ನ ಕೊಟ್ಟೆ, ನನ್ನ ಕೈಯಿಂದ ಹೋದ ಫ್ರೇಮು ಒಂದೂ ವಾಪಸು ಬಂದಿಲ್ಲ, ಗೊತ್ತಾ. ವಾಪಸು ತರೋಕೆ ಯಾರೂ ಉಳೀಲಿಲ್ವೇನೋ ಅಲ್ವೀಸೆ ಅಜ್ಜ, ಎನ್ನುತ್ತಾಳೆ ಮಾರ್ತಾ. ಬಾಯಿ ನೋಡು ಇದರದ್ದು, ಥೇಟ್ ನಿವೆಸ್. ಭಾವಾ, ಒಳಗೆ ಏನು ಗುಣಾಕಾರ ಮಾಡ್ತಾ ಕೂತಿದ್ದೀಯ, ಹೊಡಿ ಮಾರಾಯ, ಮೊಟ್ಟೆ ಅಲ್ಲ ಅದು, ಉಕ್ಕು. ಹೊಡೆದೆ.

ಗಟ್ಟಿಯೂ ಅಲ್ಲ ಪೊಳ್ಳೂ ಅಲ್ಲ, ಒಣ ಕಡ್ಡಿ ಮುರಿದಂಥ ಸದ್ದು, ನೋಡಿದರೆ ಫೋರ್ಕಿನ ಎಡಗಾಲು ಒಂದು ಬೆರಳಿನಷ್ಟು ಕೆಳಕ್ಕೆ ಜಾರಿದೆ, ಬಲಗಾಲು ಇದ್ದಲ್ಲೇ ಇದೆ, ಸಮವಾಗಿರಬೇಕಾದ ಎರಡು ಸಮವಾಗಿಲ್ಲ, ಮೊದಲು ನನ್ನ ಕಣ್ಣನ್ನೇ ಸಂಶಯಿಸಿದೆ, ಕನ್ನಡಕ ಒರೆಸಿಕೊಂಡೆ, ಕಾಲು ಹೆಗಲನ್ನು ಸೇರುವಲ್ಲಿ ಹೊಸ ಬಣ್ಣ ಸುತ್ತಲೂ ಬಿರಿದು ಚಕ್ಕೆ ಚಕ್ಕೆಯಾಗಿ ಏಳುತ್ತಿದೆ, ಹಿಡಿದು ತಿರುಗಿಸಿದರೆ ತಿರುಗುತ್ತದೆ, ತಿರುಗಬಾರದು, ಎಳೆದರೆ ಬರುತ್ತದೆ, ಬಂದೇ ಬಿಟ್ಟಿತು, ಕೊಡೆಯ ಹಿಡಿಯಂತೆ, ಈಗ ನನ್ನ ಕೈಯಲ್ಲಿ ಒಂದು ಕಾಲು ಇದೆ, ಅದರ ತುದಿ ಬರಿಯ ಬೂದು ಉಕ್ಕು, ಅರ ತಿಕ್ಕಿದ ಗೀರುಗಳು ನಿನ್ನೆ ಎಳೆದಷ್ಟು ಸ್ಪಷ್ಟ, ಹಳದಿ ಎಲ್ಲಿ, ಹಿತ್ತಾಳೆ ಎಲ್ಲಿ, ಅಲ್ವೀಸೆಯ ಕೆಲಸವನ್ನು ಒಂದು ಜನ್ಮವಿಡೀ ನೋಡಿದ್ದೇನೆ, ಕಾಲನ್ನು ಹೆಗಲಿನ ಕುಳಿಗೆ ಸೇರಿಸುತ್ತಾನೆ, ಅಲುಗದಿರಲೆಂದು ಅಡ್ಡಲಾಗಿ ಸಣ್ಣದೊಂದು ಮೊಳೆ ಬಡಿಯುತ್ತಾನೆ, ಆಮೇಲೆ ಬೆಂಕಿ ಹಿಡಿದು ಕೆಂಪಗೆ ಕಾಯಿಸಿ ಹಿತ್ತಾಳೆಯ ಕಡ್ಡಿ ಮುಟ್ಟಿಸಿದರೆ ಅದು ಕರಗಿ ನೀರಿನಂತೆ ಸಂದಿಯೊಳಕ್ಕೆ ಇಳಿಯುತ್ತದೆ, ಹಿಡಿಯುವುದು ಹಿತ್ತಾಳೆ, ಮೊಳೆ ಬೆಂಕಿ ಬರುವ ತನಕದ ಕಾವಲು ಅಷ್ಟೆ, ಇಲ್ಲಿ ಕಾವಲಿದೆ, ಬೆಂಕಿ ಬಂದೇ ಇಲ್ಲ — ಬಲಗಾಲಿನ ಅಂಚನ್ನು ಉಗುರಿನಿಂದ ಕೆರೆದೆ, ಬಣ್ಣದ ಕೆಳಗೆ ಹಳದಿ ಗೆರೆ ಹೊಳೆಯುತ್ತದೆ, ಇದೆ, ಬಲಕ್ಕೆ ಇದೆ, ಎಡಕ್ಕೆ ಇಲ್ಲ, ಎಡಕ್ಕೆ ಎಂದೂ ಇರಲಿಲ್ಲ, ಮೊಳೆ ನೆಲದ ಮೇಲೆ ಎರಡು ತುಂಡಾಗಿ ಬಿದ್ದಿದೆ, ಎತ್ತಿ ಅಂಗೈಯಲ್ಲಿಟ್ಟುಕೊಂಡರೆ ಜೋಳದ ಕಾಳಿನ ಭಾರವೂ ಇಲ್ಲ, ಎಂದೂ ಇರಲಿಲ್ಲ ಎಂದರೆ ಅದರ ಅರ್ಥವೇನು, ನಿಧಾನವಾಗಿ ಯೋಚಿಸಬೇಕು, ಮದುವೆಯ ಮರುದಿನದಿಂದ ಅವಳ ಮಂಡಿ ಸೋಲುವ ತನಕ ನಿವೆಸ್ ಏರಿದ್ದು ಇದನ್ನೇ, ಬೇರೆ ಸೈಕಲ್ಲು ಅವಳಿಗೆ ಇರಲಿಲ್ಲ.

ಅವಳು ಇಳಿಜಾರಿನಲ್ಲಿದ್ದಾಳೆ, ನಾನು ಹಿಂದಿದ್ದೇನೆ, ಯಾವಾಗಲೂ ಹಿಂದೆಯೇ, ಬೆಟ್ಟದ ದಾರಿ ಒಂದು ತಿರುವಿನಿಂದ ಇನ್ನೊಂದಕ್ಕೆ ಬೀಳುತ್ತದೆ, ಅಂಚಿಗೆ ಮೋಟುಗೋಡೆ, ಗೋಡೆಯಾಚೆ ಬರಿಯ ಗಾಳಿ, ಕೆಳಗೆ ಬ್ರೆಂತಾ ನದಿ ನೂಲಿನಂತೆ, ಅವಳ ಕೂದಲು ಬಿಚ್ಚಿಕೊಳ್ಳುತ್ತದೆ, ಅವಳು ಎರಡೂ ಕೈ ಬಿಡುತ್ತಾಳೆ, ಹಲ್ಲಿನ ನಡುವೆ ಹೇರ್‌ಪಿನ್ನು ಕಚ್ಚಿ ತಲೆಯ ಹಿಂದೆ ತುರುಬು ಕಟ್ಟುತ್ತಾಳೆ, ಮೊಣಕೈಗಳು ಎರಡು ಬದಿಗೂ ತೆರೆದಿವೆ, ಸೈಕಲ್ಲು ತನ್ನಷ್ಟಕ್ಕೆ ಹೋಗುತ್ತಿದೆ, ಹಿಡಿ, ಹ್ಯಾಂಡಲ್ ಹಿಡಿ, ಬ್ರೇಕು ಒತ್ತು ನಿವೆಸ್, ಎಂದು ನಾನು ಕೂಗುತ್ತಿದ್ದೇನೆ, ಅವಳು ತಿರುಗದೆ, ಪಿನ್ನು ಕಚ್ಚಿಕೊಂಡೇ, ಹಿಂದಿನಿಂದ ಪಾಠ ಮಾಡಬೇಡಿ ಮೇಷ್ಟ್ರೇ, ನಿಮ್ಮ ಬ್ರೇಕು ನೀವು ನೋಡ್ಕೊಳ್ಳಿ — ಬ್ರೇಕು, ತಡೆ, ಬ್ರೇಕಿನ ಲೆಕ್ಕ ಬೇರೆಯೇ ಇದೆ, ಅವಳು ಸುಮ್ಮನೆ ಕೂತು ಉರುಳುವಾಗ ಅವಳ ಭಾರವೇ ಆ ಕಾಲನ್ನು ಮೇಲಕ್ಕೊತ್ತಿ ಹೆಗಲಿನ ಕುಳಿಯಲ್ಲಿ ಹಿಡಿದಿಟ್ಟಿತ್ತು, ಬೀಳಲು ಕಾರಣವಿಲ್ಲ, ಆದರೆ ಮುಂದಿನ ಬ್ರೇಕು ಒತ್ತಿದೊಡನೆ ಚಕ್ರ ನಿಲ್ಲಲು ನೋಡುತ್ತದೆ, ಮೈ ಮುಂದಕ್ಕೆ ಹೋಗಲು ನೋಡುತ್ತದೆ, ನಡುವೆ ಸಿಕ್ಕ ಕಾಲು ಹಿಂದಕ್ಕೆ ಬಾಗುತ್ತದೆ, ಅಷ್ಟೂ ಬಲ ಹೋಗಿ ನಿಲ್ಲುವುದು ಹಿತ್ತಾಳೆಯ ಮೇಲೆ, ಹಿತ್ತಾಳೆ ಇಲ್ಲದಿದ್ದರೆ ಮೊಳೆಯ ಮೇಲೆ, ಅಂದರೆ ಅವಳು ಕೈ ಬಿಟ್ಟಾಗ ಏನೂ ಆಗುವಂತಿರಲಿಲ್ಲ, ನಾನು ಹಿಡಿ ಎಂದು ಕೂಗಿ ಅವಳು ಕೊನೆಗೂ ಹಿಡಿದಾಗ, ಆಗ, ಪ್ರತಿ ಸಲವೂ ಆಗಲೇ — ಲೆಕ್ಕವನ್ನು ಇನ್ನೊಮ್ಮೆ ಮಾಡಿದೆ, ಉತ್ತರ ಬದಲಾಗಲಿಲ್ಲ, ಸುರಕ್ಷಿತವಾಗಿರಲೆಂದು ನಾನು ಕೂಗಿದ್ದೆಲ್ಲ ಈ ಜೋಳದ ಕಾಳಿನಂಥದರ ಮೇಲೆ ಹೋಗಿ ಬೀಳುತ್ತಿತ್ತು — ಮತ್ತೆ ಲುಯೀಜಾ, ಮಾರ್ತಾಳ ತಾಯಿ, ನಮ್ಮ ಮಗಳು ಲುಯೀಜಾಳನ್ನು ನಿವೆಸ್ ಹ್ಯಾಂಡಲ್ಲಿಗೆ ಸಿಕ್ಕಿಸಿದ ಬೆತ್ತದ ಸೀಟಿನಲ್ಲಿ ಕೂರಿಸಿಕೊಂಡು ಸಂತೆಗೆ ಹೋಗುತ್ತಿದ್ದಳು, ಮಗುವಿನ ಪಾದಗಳು ಸರಿಯಾಗಿ ಈ ಹೆಗಲಿನ ಮೇಲೆಯೇ ತೂಗುತ್ತಿದ್ದವು, ನದಿಯ ಮರದ ಸೇತುವೆಯ ಮೇಲೆ ಹಲಗೆಗಳು ಗಡಗಡ ಎನ್ನುವಾಗ ಮಗು ಕೇಕೆ ಹಾಕುತ್ತಿತ್ತು, ಇನ್ನೊಂದ್ಸಲ ಅಮ್ಮ, ಇನ್ನೊಂದ್ಸಲ, ಅವಳು ತಿರುಗಿ ಇನ್ನೊಮ್ಮೆ ದಾಟಿಸುತ್ತಿದ್ದಳು, ಲುಯೀಜಾಳನ್ನು ಕಳೆದರೆ ಅಂಗಳದಲ್ಲಿ ನಗುತ್ತಿರುವ ಮಾರ್ತಾಳೂ ಕಳೆದುಹೋಗುತ್ತಾಳೆ, ಶೇಷವೇನೂ ಉಳಿಯುವುದಿಲ್ಲ, ಆದರೆ ಹಾಗಾಗಲಿಲ್ಲ, ನಿವೆಸ್ ಹೋದದ್ದು ಹಾಸಿಗೆಯಲ್ಲಿ, ಎಲ್ಲರೂ ಹೋಗುವ ಹಾಗೆ, ಕಿಟಕಿ ತೆಗೀರಿ ಎಂದು ಹೇಳಿ, ಆಗಲಿಲ್ಲ ಎಂಬುದು ಸಮಾಧಾನ ತರಬೇಕಲ್ಲವೆ, ತರುತ್ತಿಲ್ಲ, ಆಗಿಹೋದ ದುಃಖಕ್ಕೆ ಅಳುವುದು ನನಗೆ ಗೊತ್ತಿದೆ, ಆಗದೆ ಹೋದದ್ದಕ್ಕೆ ಏನು ಮಾಡಬೇಕೋ ಗೊತ್ತಿಲ್ಲ, ಅವಳು ಇಳಿಜಾರಿನಲ್ಲಿದ್ದಾಳೆ, ಎರಡೂ ಕೈ ತಲೆಯ ಹಿಂದೆ.

ಏನಾಯ್ತು ಭಾವ, ಸದ್ದು ಸರಿಯಾಗಿ ಬರಲಿಲ್ಲ, ಅಲ್ವೀಸೆಯ ಕೋಲು ಹೊಸ್ತಿಲು ತಟ್ಟುತ್ತಿದೆ, ಕಾಲನ್ನು ಮತ್ತೆ ಕುಳಿಗೆ ಒತ್ತಿಬಿಟ್ಟರೆ, ಉಂಗುರ ಬಿಗಿ, ನಾಳೆಗೆ ಆಗುವುದಿಲ್ಲ, ಮಾರ್ತಾ ಬೇರೆ ಸೈಕಲ್ಲಲ್ಲಿ ಹೋಗಲಿ ಎಂದುಬಿಟ್ಟರೆ, ಈ ಮುದುಕನಿಗೆ ಇನ್ನೆಷ್ಟು ಕಾಲ ಉಳಿದಿದೆ, ಹೆಂಡತಿಯಿಲ್ಲ, ಮಕ್ಕಳಿಲ್ಲ, ಇರುವುದು ಆ ಒಂದು ಮಾತು, ಒಂದೂ ವಾಪಸು ಬಂದಿಲ್ಲ ಎಂಬುದು, ಅದನ್ನು ನಾನೇಕೆ ಕಿತ್ತುಕೊಳ್ಳಬೇಕು — ಏನಿಲ್ಲ, ಉಂಗುರ ಸ್ವಲ್ಪ ಬಿಗಿ, ಎಂದೆ. ಸುಳ್ಳು ಹೇಳೋಕೆ ನಿನಗೆ ಶಾಲೇಲೂ ಬರ್ತಿರಲಿಲ್ಲ, ಕೊಡಿಲ್ಲಿ. ಕೊಟ್ಟೆ. ಕಾಲು ನನ್ನ ಕೈಯಲ್ಲೇ ಉಳಿಯಿತು, ಅವನ ಬೆರಳುಗಳು ಫೋರ್ಕಿನ ಹೆಗಲನ್ನು ಸವರುತ್ತವೆ, ಬಲಗಾಲಿನ ಉದ್ದಕ್ಕೂ ಇಳಿದು ಮೇಲೆ ಬರುತ್ತವೆ, ಎಡಕ್ಕೆ ಬಂದು ಕಾಲಿಲ್ಲದೆ ಗಾಳಿಯನ್ನು ಮುಟ್ಟುತ್ತವೆ, ತಡೆಯುತ್ತವೆ, ಕಿರುಬೆರಳು ಕುಳಿಯೊಳಕ್ಕೆ ಹೋಗಿ ಒಂದು ಸುತ್ತು ಬರುತ್ತದೆ, ಇನ್ನೊಂದು ಸುತ್ತು ಬರುತ್ತದೆ, ಅವನ ಮುಖದಲ್ಲಿ ನಾನು ಇದುವರೆಗೆ ಕಾಣದಿದ್ದುದನ್ನು ಕಾಣುತ್ತಿದ್ದೇನೆ, ನೋಡಬಾರದೆಂದುಕೊಂಡರೂ ನೋಡುತ್ತಿದ್ದೇನೆ. ಬಲಗಡೆ ಇದೆಯಾ. ಇದೆ. ಒಂದು ಕಡೆ ಹಾಕಿದ್ದೆ, ಎನ್ನುತ್ತಾನೆ, ನನಗಲ್ಲ, ಕುಳಿಗೆ, ಒಂದು ಕಡೆ ಹಾಕಿದ್ದೆ, ಇಗರ್ಜಿ ಗಂಟೆ ಹೊಡೀತು, ಮಧ್ಯಾಹ್ನ, ಅಮ್ಮ ಮೆಕ್ಕೆಜೋಳದ ಪೊಲೆಂತಾ ಮುದ್ದೆ ಹಲಗೆಗೆ ಸುರಿದಾಗಿತ್ತು, ಆರಿದ್ರೆ ಬೈತಾಳೆ ಅಂತ ಬೆಂಕಿ ಆರಿಸಿ ಹೋದೆ, ಎಲ್ಲರೂ ಹೋಗೋರು, ಗಂಟೆ ಹೊಡೆದ ಮೇಲೆ ಈ ಊರಲ್ಲಿ ಯಾರಯ್ಯ ಕೆಲಸ ಮಾಡ್ತಿದ್ರು, ಉಂಡು ಬಂದೆ, ಬಂದು — ಅಲ್ಲಿಗೆ ನಿಂತ, ಬಂದು ಏನು ಮಾಡಿದನೆಂಬುದು ಅವನ ನೆನಪಿನಲ್ಲೂ ಇಲ್ಲ. ಬಿದ್ದಿದ್ಲಾ ಅವಳು. ಇಲ್ಲ. ಒಂದ್ಸಲನೂ. ಇಲ್ಲ. ಕೈ ಬಿಟ್ಟು ಓಡಿಸ್ತಿದ್ಲಲ್ಲೋ. ಹೌದು. ಅವನು ನೆಲ ತಡಕಿ ಮುಕ್ಕಾಲಿಯ ಮೇಲೆ ಕೂತ, ಫೋರ್ಕನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡ, ಮಾರ್ತಾ, ಬಾ ಇಲ್ಲಿ. ಬೇಡ ಅಲ್ವೀಸೆ, ಅವಳಿಗೆ ಹೇಳಬೇಡ, ಎಂದೆ. ನೀನು ಸುಮ್ನಿರು, ಇದು ನನ್ನದು. ಮಾರ್ತಾ ಬಂದಳು, ಏನಿದು, ಇಬ್ಬರೂ ಹೆಣ ನೋಡಿದ ಹಾಗಿದೀರಿ. ಕೈ ಕೊಡು ಮಗಾ, ಬೆರಳು ಹಾಕು ಇಲ್ಲಿ, ಒಳಗೆ, ಏನಿದೆ ಹೇಳು. ಏನೂ ಇಲ್ವಲ್ಲ ಅಜ್ಜ. ಅದೇ, ಏನೂ ಇಲ್ಲ, ಇರಬೇಕಾಗಿತ್ತು, ನಾನು ಹಾಕಲಿಲ್ಲ, ನಾಳೆ ಇದರಲ್ಲಿ ನಿನ್ನನ್ನ ಬೆಟ್ಟದಿಂದ ಇಳಿಸ್ತಿದ್ದೆ ನಾನು. ಅವಳು ಬೆರಳು ತೆಗೆಯಲಿಲ್ಲ, ತೆಗೆಯದೆಯೇ ಕೇಳಿದಳು, ಅಮ್ಮ ಚಿಕ್ಕವಳಿದ್ದಾಗ ಅಜ್ಜಿ ಅವಳನ್ನ ಮುಂದೆ ಕೂರಿಸ್ಕೊಂಡು ಹೋಗ್ತಿದ್ದ ಫೋಟೋ ಇದೆಯಲ್ಲ, ಅದು ಯಾವ ಸೈಕಲ್ಲು. ಕೇಳುತ್ತಿದ್ದಂತೆಯೇ ಅವಳ ಮುಖದ ಬಣ್ಣ ಇಳಿಯುತ್ತಿರುವುದು ನನಗೆ ಕಾಣುತ್ತಿದೆ, ಅವಳು ನನ್ನ ಕಡೆ ತಿರುಗಿದಳು, ಅಜ್ಜ, ನೀವೂ ಕೂತ್ಕೊಳ್ಳಿ, ಆ ಕಾಲನ್ನ ಇಲ್ಲಿ ಕೊಡಿ, ಕೊಡುವುದಕ್ಕೆ ನನ್ನ ಬೆರಳು ಬಿಡುತ್ತಿಲ್ಲ, ಕಾಲಿನ ತುದಿ ತಣ್ಣಗಿದೆ, ಗೀರುಗಳು ಅಂಗೈಗೆ ಸಿಗುತ್ತಿವೆ, ನಿವೆಸ್ ತಿರುವಿಗೆ ಬರುತ್ತಿದ್ದಾಳೆ, ಮೋಟುಗೋಡೆ, ಗೋಡೆಯಾಚೆ ಗಾಳಿ, ನಾನು ಬಾಯಿ ತೆರೆದಿದ್ದೇನೆ, ಹಿಡಿ ಎನ್ನಬಾರದು, ಈಗ ನನಗೆ ಗೊತ್ತಿದೆ, ಎನ್ನಬಾರದು, ಮೊಣಕೈಗಳು ಎರಡು ಬದಿಗೂ ತೆರೆದಿವೆ, ಹಲ್ಲಿನ ನಡುವೆ ಪಿನ್ನು, ಕೈ ಎರಡೂ ತಲೆಯ ಹಿಂದೆ, ತುರುಬು ಇನ್ನೂ ಕಟ್ಟಿ ಮುಗಿದಿಲ್ಲ, ಕೈ ಎರಡೂ ತಲೆಯ ಹಿಂದೆ —