ಎರಡು ಮೊಳೆ

ಪೂನಮ ಕಸಬರಿಗೆ ಹಿಡಿದು ಪಡಸಾಲೆಯ ಮೂಲೆಗೆ ಬಾಗಿದ್ದಳು. ಎದುರುಮನೆಯ ಸುಗಲಾಬಾಯಿ ಎದ್ದು ಬಂದು ಅದನ್ನು ಕಸಿದುಕೊಂಡಳು.

"ಹೆಣ ಮನ್ಯಾಗಿರೂತನಾ ಕಸಾ ಹೊಡಿಬಾರ್ದವ್ವಾ. ತಲಿ ಎಲ್ಲೈತಿ ನಿಂದು?"

ಎಲ್ಲಿತ್ತೋ ಪೂನಮಳಿಗೂ ತಿಳಿಯದು. ಗೋಡೆಗೆ ಆನಿಸಿ ಕೂಡಿಸಿದ್ದ ಅತ್ತೆ ಶಾರದಾಬಾಯಿಯ ಹಣೆಯ ತುಂಬ ವಿಭೂತಿ. ನಿನ್ನೆ ಸಂಜೆ ಇದೇ ಗೋಡೆಗೆ ಒರಗಿ ಮೆಂತ್ಯಪಲ್ಲೆ ಸೋಸಿದ್ದರು. ಈಗ ಅವರ ಕಾಲ ಬಳಿಯೇ ಮಣ್ಣಿನ ಹೆಜ್ಜೆ, ಉದುರಿದ ಹೂವಿನ ಎಸಳು.

"ವಿಜಾಪುರ ರೋಡಿಗೆಲ್ಲ ಇಂಥಾ ಚೊಕ್ಕ ಮನಿ ಇನ್ನೊಂದಿಲ್ಲ," ಅಂದಳು ಯಾರೋ. "ಸೊಸೀನೂ ತಯಾರ ಮಾಡಿ ಹೋದ್ಳು. ಬಂದಾಗ ಈಕಿಗಿ ತನ್ನ ಸೀರಿ ಮಡಚಾಕ ಬರ್ತಿದ್ದಿಲ್ಲ."

ಪೂನಮ ತಲೆ ತಗ್ಗಿಸಿದಳು. ಚೊಕ್ಕ ಸೊಸೆ: ಈ ಮನೆಯಲ್ಲಿ ಅವಳು ಗಳಿಸಿದ ಹೆಸರು ಅದೊಂದೇ.

*

ಮದುವೆಯಾದ ಹೊಸತರಲ್ಲಿ ಭಾನುವಾರ ಬಂತೆಂದರೆ ಇಡೀ ಮನೆ ತೊಳೆಯುವಳು. ಸೋಮವಾರ ಸೊಂಟ ಹಿಡಿಯುತ್ತಿತ್ತು; ಬುಧವಾರಕ್ಕೆ ಮನೆ ಮತ್ತೆ ಮೊದಲಿನಂತೆ. ಒಂದು ಭಾನುವಾರ ಇಳಿಸಿದ ಡಬ್ಬಿಗಳ ನಡುವೆ ಕೂತು ಅತ್ತುಬಿಟ್ಟಳು. ಶಾರದಾಬಾಯಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಡುಗೆಮನೆಯಲ್ಲಿ ಡಬ್ಬಿ ಇಡುವ ಹಲಗೆಗಳ ಪಕ್ಕದ ಗೋಡೆಗೆ ಎರಡು ಮೊಳೆ ಹೊಡೆದರು. ಹಳೆಯ ಧೋತರ ಹರಿದು ಎರಡು ಬಟ್ಟೆ ತೂಗುಹಾಕಿದರು.

"ಇದು ನಂದು, ಅದು ನಿಂದು. ಹಾಲು ಕಾಯೂತನಾ ಒಂದ ಫಳಿ ಒರಸೂದು. ಹಾಲು ಉಕ್ತು, ಕೆಲಸ ಮುಗೀತು. ಮೂರು ದಿನ ನಾ, ಮೂರು ದಿನ ನೀ. ಐತವಾರ ಧೂಳಿಗೂ ಸೂಟಿ."

"ಇಷ್ಟರಾಗ ಆಗ್ತದೇನ್ರಿ ಅತ್ತಿ?"

"ಮನಿ ಏನ್ ಓಡಿ ಹೋಗ್ತದೇನು?"

ಆಯಿತು. ತನ್ನ ಪಾಳಿಯ ದಿನ ಪೂನಮ ಫಳಿಯ ಹಲಗೆಯ ಮೇಲೆ ಒಮ್ಮೆ ಬಟ್ಟೆಯಾಡಿಸಿದರೆ ಸಾಕು, ಫಳಫಳ. ತವರಿಗೆ ಫೋನು ಮಾಡಿ ಹೇಳಿದ್ದಳು: "ಮನಿ ಚೊಕ್ಕ ಇಡಾಕ ನನಗೂ ಬಂತವ್ವಾ."

*

ಹನ್ನೊಂದಕ್ಕೆ ಅಕ್ಕಲಕೋಟೆಯಿಂದ ನಾದಿನಿ ರೂಪಾಲಿ ಬಂದಳು. ತಾಯಿಯ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು, ಆಮೇಲೆ ಕೇಳಿದಳು, "ಏನ್ ಮಾಡಾಕತ್ತಿದ್ಳು ಅವ್ವ?"

"ಚಾಕ್ಕ ನೀರಿಟ್ಟಿದ್ರು. ಸುಟ್ಟ ವಾಸ್ನಿಗಿ ನನಗ ಎಚ್ಚರಾತು." ಅತ್ತೆಯೂ ಪಾತ್ರೆ ಸುಡುತ್ತಾರೆಂದು ಹಾಸಿಗೆಯಲ್ಲೇ ಒಂದು ಗಳಿಗೆ ಖುಷಿಪಟ್ಟದ್ದನ್ನು ಪೂನಮ ಹೇಳಲಿಲ್ಲ. "ಫಳಿ ಮುಂದ ಬಿದ್ದಿದ್ರು. ಕೈಯಾಗ ಒರಸೂ ಬಟ್ಟಿ."

ರೂಪಾಲಿ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದಳು. "ಇವತ್ತು ಗುರುವಾರ. ನಿನ್ನ ಪಾಳಿ ಅಲ್ಲೇನ ವೈನಿ?"



"ಹೌದಕ್ಕಾ. ನಂದ."

"ಆಕೀಗ್ಯಾಕ ಅಂತೀ ರೂಪಾಲಿ," ಎಂದಳು ಸುಗಲಾಬಾಯಿ. "ನಮ್ಮ ಖಿಡಕಿಯಿಂದ ದಿನಾ ಕಾಣ್ತಿತ್ತು. ಗುರುವಾರ ಇರ್ಲಿ, ಶನಿವಾರ ಇರ್ಲಿ, ಐದಕ್ಕ ಎದ್ದು ಶಾರದಾನೇ ಒರಸ್ತಿದ್ಳು. ಪಾಳಿ ಎಲ್ಲೀದು?"

ಪೂನಮ ಅತ್ತೆಯ ಮುಖ ನೋಡಿದಳು. ವಿಭೂತಿಯ ಕೆಳಗೆ ಅದು ಏನನ್ನೂ ಬಿಟ್ಟುಕೊಡಲಿಲ್ಲ.

ಅಷ್ಟರಲ್ಲಿ ಕುರನೂರಿನಿಂದ ಶಾರದಾಬಾಯಿಯ ತಮ್ಮ ಚನ್ನವೀರಪ್ಪ ತವರಿನ ಕೊನೆಯ ಸೀರೆ ತಂದ. ಉಡಿಸಿದರು, ಎತ್ತಿದರು. ಗಂಡಸರು ಹೊರಟದ್ದೇ ಹೆಂಗಸರು ಪಡಸಾಲೆಗೆ ನೀರು ಸುರಿದರು.

ಪೂನಮ ಅಡುಗೆಮನೆಗೆ ಬಂದಳು. ಹಲಗೆಯ ಅರ್ಧ ಹೊಳೆಯುತ್ತಿತ್ತು, ಇನ್ನರ್ಧದಲ್ಲಿ ಧೂಳು. ನೆಲದ ಮೇಲೆ ಅತ್ತೆಯ ಬಟ್ಟೆ ಕರ್ರಗೆ ಮುದುಡಿತ್ತು. ಅದನ್ನೆತ್ತಿ ಅವರ ಮೊಳೆಗೆ ಹಾಕಿದಳು. ಪಕ್ಕದ ಮೊಳೆಯಲ್ಲಿ ಎರಡು ವರ್ಷದಿಂದ ತೂಗುತ್ತಿದ್ದ ಅವಳ ಬಟ್ಟೆ, ಆವತ್ತು ಹರಿದ ಧೋತರದ ಹಾಗೆಯೇ, ಬೆಳ್ಳಗೆ.