ಬ್ಯಾಟರಿ ಮೊದಲೋ, ಪ್ಯಾನೆಲ್ ಮೊದಲೋ?

ಗೋಬಿಯ ಅಂಚಿನ ನಮ್ಮ ಕಣಿವೆಯಲ್ಲಿ ಬೀಡು ಬದಲಿಸುವ ದಿನ ಎಲ್ಲರದೂ ಒಂದೇ ರೂಢಿ. ಭಾರದ್ದೆಲ್ಲ ಮೊದಲು ಲಾರಿಗೆ: ಒಲೆ, ಪೆಟ್ಟಿಗೆ, ಬ್ಯಾಟರಿ. ಸೋಲಾರ್ ಪ್ಯಾನೆಲ್ ಗಾಜಿನದ್ದು, ಒಡೆದೀತು ಎಂದು ಅದನ್ನು ಎಲ್ಲಕ್ಕಿಂತ ಕೊನೆಗೆ ಬಿಚ್ಚುತ್ತೇವೆ. ಕುರಿ ಸಾಕುವ ದಾಮ್ದಿನ್ ಕೂಡ ಹಾಗೇ ಮಾಡಿದ್ದ.

ವಸಂತದ ಬೀಡಿಗೆ ಬಂದು ಡೇರೆ ಕಟ್ಟಿ ಮೂರು ದಿನವಾಗಿತ್ತು. ದೀಪ ಹತ್ತಲೇ ಇಲ್ಲ. ಎರಡನೇ ದಿನಕ್ಕೆ ಫೋನ್ ಸತ್ತಿತು. ಮಗ ಉಳಿದ ಕುರಿಗಳನ್ನು ತರಲು ಲಾರಿಯಲ್ಲಿ ಹಳೆಯ ಬೀಡಿಗೆ ಹೋಗಿದ್ದ. ಸೊಸೆ ಓಯುನ್‌ಗೆ ದಿನ ತುಂಬಿತ್ತು. "ಫೋನ್ ಆರಲು ಬಿಡಬೇಡಿ, ನಾನು ಹೇಳಿದ ದಿನ ಹೊರಟು ಬನ್ನಿ" ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿ ಕಳಿಸಿದ್ದರು.

"ಮಾವ, ದುಲ್ಮಕ್ಕನ್ನ ಕರೀಬಾರ್ದಾ? ಸೋಲಾರ್ ರಿಪೇರಿ ಕಲ್ತು ಬಂದಿದಾರಲ್ಲ."

"ಹತ್ತು ದಿನ ಕಲ್ತು ಬಂದೋಳು ನಂಗೇನ್ ಹೇಳ್ತಾಳೆ? ನಾನು ಮೂವತ್ತು ವರ್ಷದಿಂದ ಡೇರೆ ಬಿಚ್ತಾ ಇದೀನಿ."

ಓಯುನ್ ಸೊಂಟ ಹಿಡಿದುಕೊಂಡಳು. ದಾಮ್ದಿನ್ ಹೊರಗೆ ಬಂದು ಬಡಗಣ ದಿಕ್ಕಿಗೆ ನೋಡಿದ. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಬೀಡಿನ ದುಲ್ಮಾಳನ್ನು ಕರೆಯಲು ಕುದುರೆಗೆ ಜೀನು ಬಿಗಿದ.

ದುಲ್ಮಾ ಜೀಪಿನಲ್ಲಿ ಬಂದಳು. ಉಪ್ಪು ಚಹಾ ಕೊಟ್ಟರೆ "ಆಮೇಲೆ" ಎಂದು ಪಕ್ಕಕ್ಕಿಟ್ಟಳು. ಪ್ಯಾನೆಲ್‌ನ ಕರೆಂಟನ್ನು ಅಳೆದು ಬ್ಯಾಟರಿಗೆ ಹಾಕುವ ಅಂಗೈಯಗಲದ ಡಬ್ಬಿ, ಅದೇ ಚಾರ್ಜ್ ಕಂಟ್ರೋಲರ್, ಅದನ್ನು ಬಿಚ್ಚಿ ಮೂಸಿದಳು.

"ಸುಟ್ಟಿದೆ. ದೊಡ್ಡಪ್ಪ, ಬೀಡು ಬಿಚ್ಚುವಾಗ ಬಿಸಿಲಿತ್ತಾ?"

"ಒಳ್ಳೇ ಬಿಸಿಲು."

"ಮೊದಲು ಏನ್ ತೆಗೆದ್ರಿ?"

"ಬ್ಯಾಟರಿ. ಭಾರ ಅಲ್ವಾ."

"ಮೇಕೆ ಹಾಲು ಕರೀತಿರೋವಾಗ ಯಾರಾದ್ರೂ ಕೆಳಗಿನ ಪಾತ್ರೆ ಎತ್ಕೊಂಡ್ ಹೋದ್ರೆ?"

"ಎತ್ತಿದೋರ ಬೆನ್ನು ಮುರೀತೀನಿ."

"ಹಾಗಾದ್ರೆ ನಿಮ್ಮ ಬೆನ್ನು ಯಾರು ಮುರೀಬೇಕು? ಬಿಸಿಲಿರೋವರೆಗೂ ಪ್ಯಾನೆಲ್ ಕರೆಂಟ್ ಕರೀತಾನೇ ಇರುತ್ತೆ. ನೀವು ಪಾತ್ರೆ ಎತ್ತಿದ್ರಿ. ಬಂದಿದ್ದೆಲ್ಲ ಈ ಡಬ್ಬಿ ತಲೆ ಮೇಲೆ ಬಿತ್ತು."

"ಅಗ್ಗದ ಮಾಲು, ಅದಕ್ಕೇ ಹೋಯ್ತು ಅಂದ್ಕೊಂಡಿದ್ದೆ."

"ಹೋದ ವರ್ಷ ಸುಟ್ಟಿದ್ದೂ ಅಗ್ಗದ್ದೇನಾ?"

ಮಲಗಿದ್ದ ಓಯುನ್ ನಕ್ಕಳು. ನಗು ಅರ್ಧಕ್ಕೇ ನಿಂತು, ನೋವಿಗೆ ಮುಖ ಕಿವುಚಿತು. ಆಮೇಲೆ ಯಾರೂ ತಮಾಷೆ ಮಾಡಲಿಲ್ಲ.

ದುಲ್ಮಾ ಚೀಲದಿಂದ ಇನ್ನೊಂದು ಡಬ್ಬಿ ತೆಗೆದಳು. "ನಮ್ಮ ಕುರಿಮರಿಗಳ ಕೊಟ್ಟಿಗೇದು. ಹೊಸದು ತರೋವರೆಗೂ ಇರಲಿ." ಬಿಸಿಲು ಬೀಳದಂತೆ ದಾಮ್ದಿನ್ ಪ್ಯಾನೆಲ್ ಮೇಲೆ ಕಂಬಳಿ ಹೊದಿಸಿದ. ಅವಳು ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ತಂತಿಯನ್ನು ಮೊದಲು ಸೇರಿಸಿದಳು. ಪ್ಯಾನೆಲ್ ತಂತಿ ಆಮೇಲೆ. ಪ್ರತಿ ಸ್ಕ್ರೂ ಬಿಗಿದು ತಂತಿಯನ್ನು ಮೆಲ್ಲಗೆ ಎಳೆದು ನೋಡಿದಳು.

ಕಂಬಳಿ ತೆಗೆದಾಗ ಹಸಿರು ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಫೋನ್ ಎದ್ದಿತು. ಡಾಕ್ಟರಮ್ಮ ಹಿಂದಿನ ದಿನವೇ ಕಳಿಸಿದ್ದ ಸಂದೇಶ ಈಗ ಬಂತು. ಓಯುನ್ ಗಟ್ಟಿಯಾಗಿ ಓದಿದಳು: "ನಾಡಿದ್ದು ಹಿಮಗಾಳಿ. ನಾಳೆಯೊಳಗೆ ಬಂದುಬಿಡಿ."

"ನಾಳೆ ಅಂದ್ರೆ ಇವತ್ತು" ಎಂದ ದಾಮ್ದಿನ್.

"ಜೀಪು ಹತ್ತು, ಓಯುನ್" ಎಂದಳು ದುಲ್ಮಾ.

ಮರುದಿನ ಮಧ್ಯಾಹ್ನ ಹಿಮಗಾಳಿ ಎದ್ದು ಎರಡು ದಿನ ದಾರಿಯೇ ಕಾಣಲಿಲ್ಲ. ಆ ಹೊತ್ತಿಗೆ ಓಯುನ್ ಆಸ್ಪತ್ರೆಯ ಬೆಚ್ಚನೆಯ ಕೋಣೆಯಲ್ಲಿ ಹೆಣ್ಣುಮಗುವಿಗೆ ಹಾಲೂಡಿಸುತ್ತಿದ್ದಳು.

ಬೇಸಿಗೆಯಲ್ಲಿ ಬೀಡು ಬಿಚ್ಚುವಾಗ ಮಗ ಬ್ಯಾಟರಿಗೆ ಕೈ ಹಾಕಿದ. "ಮುಟ್ಬೇಡ ಕಣೋ, ಪ್ಯಾನೆಲ್ ಕರೆಯೋದು ಇನ್ನೂ ನಿಂತಿಲ್ಲ" ಎಂದು ದಾಮ್ದಿನ್ ಕಂಬಳಿ ಹುಡುಕಲು ಹೋದ.

ನೀವೂ ಕಂಬಳಿಯನ್ನು ಕೈಗೆಟುಕುವಂತೆ ಇಟ್ಟುಕೊಳ್ಳಿ. ಬಿಚ್ಚುವಾಗ ಪ್ಯಾನೆಲ್ ಮುಚ್ಚಿ, ಅದರ ತಂತಿ ಮೊದಲು ತೆಗೆಯಿರಿ. ಬ್ಯಾಟರಿ ಎಷ್ಟೇ ಭಾರವಿದ್ದರೂ ಕಾಯಲಿ. ಕಟ್ಟುವಾಗ ಬ್ಯಾಟರಿ ಮೊದಲು. ಲಾರಿಯ ಕುಲುಕಾಟಕ್ಕೆ ಸ್ಕ್ರೂ ಸಡಿಲಾಗಿರುತ್ತವೆ, ಬಿಗಿಯಿರಿ. ಡಬ್ಬಿಯನ್ನು ಒಲೆಯಿಂದ ದೂರ ತೂಗುಹಾಕಿ. ಯಾವ ಸುದ್ದಿ ಈಗ ನಿಮ್ಮ ಫೋನಿನತ್ತ ಹೊರಟಿದೆಯೋ, ಅದು ಬಂದಾಗ ಫೋನ್ ಎಚ್ಚರವಾಗಿರಲಿ.